‘ಸುತ್ತು’ ಅಂದರೆ ಯಾವ ಸುತ್ತು? ಗುಡ್ಡದ ಸೈಕಲ್ ರೇಸಿಗೆ ಪದಗಳು ಬೇಕು

ಗೆಳೆಯರೇ, ನಮಸ್ಕಾರ.

ಒಂದು ಪದದ ವಿಚಾರದಲ್ಲಿ ನಿಮ್ಮ ಸಹಾಯ ಬೇಕಾಗಿದೆ. ಪದ ‘ಸುತ್ತು’. ಅದರ ಜೊತೆಗೆ ಇನ್ನೂ ನಾಲ್ಕೈದು ಪದ ಸೇರಿಕೊಂಡಿವೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಬೆಂಗಳೂರಿನ ಹೊರಗೆ ಮಣ್ಣಿನ ದಾರಿಯಲ್ಲಿ, ಗುಡ್ಡದಲ್ಲಿ ಸೈಕಲ್ ತುಳಿಯುವ ನಮ್ಮದೊಂದು ಬಳಗ ಇದೆ. ಮಳೆಗಾಲ ಮುಗಿದ ಮೇಲೆ ತಿಂಗಳಿಗೊಂದರಂತೆ ಐದು ರೇಸ್ ನಡೆಸುತ್ತೇವೆ. ಹಿಂದೆ ಯಾವ ಕಂಪನಿಯೂ ಇಲ್ಲ. ದಾರಿಗೆ ಟೇಪ್ ಕಟ್ಟುವವರು, ಟೈಮ್ ಬರೆದುಕೊಳ್ಳುವವರು, ನೀರು ಬಾಳೆಹಣ್ಣು ಕೊಡುವವರು ಎಲ್ಲ ನಾವೇ. ಈ ತಿಂಗಳು ತುಳಿದವರು ಮುಂದಿನ ತಿಂಗಳು ತಿರುವಿನಲ್ಲಿ ನಿಂತು ದಾರಿ ತೋರಿಸುತ್ತಾರೆ. ಪ್ರತಿ ರೇಸಿಗೂ ಅಂಕ ಇರುತ್ತದೆ. ಕೊನೆಯಲ್ಲಿ ಬಂದವರಿಗೂ ಒಂದು ಅಂಕ ಇದೆ. ಐದೂ ಮುಗಿದ ಮೇಲೆ ಕೂಡಿಸಿ ನೋಡುತ್ತೇವೆ.

ಪ್ರಕಟಣೆ ಬರೆಯುವ ಕೆಲಸ ನನ್ನದು. ಹೋದ ವರ್ಷದ ತನಕ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಗುಡ್ಡದ ಬುಡದಲ್ಲಿರುವ ಹಳ್ಳಿಯ ಹುಡುಗರು ಪ್ರತಿ ಸಲವೂ ಬಂದು ನಿಂತು ನೋಡುತ್ತಿದ್ದರು. ಅವರೂ ತುಳಿಯಲಿ ಅಂತ ಈ ಸಲ ಕನ್ನಡದಲ್ಲಿ ಬರೆದೆ. ಮೊದಲ ರೇಸಿಗೆ ಆರು ಹುಡುಗರು ಹೆಸರು ಕೊಟ್ಟರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಎರಡನೆಯದಕ್ಕೆ ಅವರಲ್ಲಿ ಒಬ್ಬನೂ ಬರಲಿಲ್ಲ. ಒಬ್ಬ ಮಾತ್ರ ಬೇಲಿ ಹತ್ತಿರ ನಿಂತು ನೋಡುತ್ತಿದ್ದ. ‘ಯಾಕಪ್ಪಾ, ಸೈಕಲ್ ತರಲಿಲ್ವಾ?’ ಅಂತ ಕೇಳಿದೆ. ‘ಮೊದಲನೇ ಸುತ್ತಲ್ಲೇ ಸೋತೋದ್ನಲ್ಲ ಅಣ್ಣ’ ಅಂದ.

ಮನೆಗೆ ಬಂದು ನಾನೇ ಬರೆದಿದ್ದನ್ನು ಮತ್ತೆ ಓದಿದೆ. ‘ಎರಡನೇ ಸುತ್ತು ಬರುವ ಭಾನುವಾರ. ಹೊಸಬರಿಗೆ ಎರಡು ಸುತ್ತು, ಪಳಗಿದವರಿಗೆ ನಾಲ್ಕು ಸುತ್ತು.’ ಒಂದೇ ಪದಕ್ಕೆ ಇಲ್ಲಿ ಎರಡು ಹೊರೆ. ಒಂದು, ಗುಡ್ಡದ ದಾರಿಯನ್ನು ಪೂರ್ತಿ ತುಳಿದು ಹೊರಟಲ್ಲಿಗೇ ಬರುವುದು. ಇನ್ನೊಂದು, ಐದು ರೇಸುಗಳಲ್ಲಿ ಒಂದು. ಇಂಗ್ಲಿಷಿನಲ್ಲಿ ಇವು ಲ್ಯಾಪ್ ಮತ್ತು ರೌಂಡ್. ಆ ಹುಡುಗ ಹಿಡಿದದ್ದು ಮೂರನೆಯ ಅರ್ಥ, ಕಬಡ್ಡಿ ಪಂದ್ಯಾವಳಿಯ ಸುತ್ತು. ಮೊದಲ ಸುತ್ತಿನಲ್ಲಿ ಸೋತರೆ ಮನೆಗೆ. ಪೇಪರಿನಲ್ಲಿ ಆಟದ ಪುಟ ಓದುವ ಯಾರಿಗಾದರೂ ಮೊದಲು ಹೊಳೆಯುವುದು ಅದೇ ಅಲ್ವಾ? ತಪ್ಪು ನನ್ನದು. ನಾನು ಆರಿಸಿದ ಪದ ಆರು ಹುಡುಗರನ್ನು ಮನೆಗೆ ಕಳಿಸಿತು.

‘ಸುತ್ತು’ ಎಷ್ಟು ಕಡೆ ದುಡಿಯುತ್ತದೆ ನೋಡಿ. ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ. ಹೂವಿನಂಗಡಿಯಲ್ಲಿ ಸಿಗುವುದು ಏಳು ಸುತ್ತಿನ ಮಲ್ಲಿಗೆ. ಊಟ ಆದ ಮೇಲೆ ಒಂದು ಸುತ್ತು ಹೋಗಿ ಬರುತ್ತೇವೆ. ಪೊಲೀಸರು ಗಾಳಿಯಲ್ಲಿ ಎರಡು ಸುತ್ತು ಗುಂಡು ಹಾರಿಸುತ್ತಾರೆ. ಮತ ಎಣಿಕೆಯಲ್ಲಿ ಹತ್ತನೇ ಸುತ್ತು, ಸಂಧಾನದಲ್ಲಿ ಮೂರನೇ ಸುತ್ತಿನ ಮಾತುಕತೆ. ಕೋಟೆ, ಮಲ್ಲಿಗೆ, ನಡಿಗೆ ಇವುಗಳಲ್ಲಿ ಸುತ್ತು ಕಣ್ಣಿಗೆ ಕಾಣುತ್ತದೆ. ಗುಂಡು, ಮತ, ಮಾತುಕತೆಯಲ್ಲಿ ಅದು ಕಾಣುವುದಿಲ್ಲ. ಅಲ್ಲೆಲ್ಲ ಇಂಗ್ಲಿಷಿನ ರೌಂಡ್ ಕೂತಿದೆ ಅಂತ ನನಗನ್ನಿಸುತ್ತದೆ. ಗುಡ್ಡವನ್ನು ಬಳಸಿ ಬರುವುದು ಕಣ್ಣಿಗೆ ಕಾಣುವ ಸುತ್ತೇ. ಆದ್ದರಿಂದ ಲ್ಯಾಪಿಗೆ ‘ಸುತ್ತು’ ಇರಲಿ. ಐದು ರೇಸುಗಳಲ್ಲಿ ಒಂದಕ್ಕೆ ಬೇರೆ ಪದ ಬೇಕು.

‘ಹಂತ’ ನೋಡಿದೆ. ‘ಮುಂದಿನ ಹಂತಕ್ಕೆ ಹೋದರು’ ಅನ್ನುವ ಮಾತು ಅದರ ಬೆನ್ನಿಗೇ ಇದೆ, ಸೋತವರು ಹೊರಗೆ ಅನ್ನುವ ಅರ್ಥ ತಪ್ಪುವುದಿಲ್ಲ. ‘ಕಂತು’ ಅಂದರೆ ಧಾರಾವಾಹಿ, ಇಲ್ಲದಿದ್ದರೆ ಸಾಲ. ‘ಮಜಲು’ ನನಗೆ ತುಂಬಾ ಇಷ್ಟವಾದ ಪದ. ಪ್ರಯಾಣದಲ್ಲಿ ಒಂದು ತಂಗುದಾಣದಿಂದ ಇನ್ನೊಂದಕ್ಕೆ ಹೋಗುವ ಪಯಣ ಅದು. ದಿನಕ್ಕೊಂದು ಊರು ದಾಟುವ ದೊಡ್ಡ ರೇಸುಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ನಾವು ಹೊರಟ ಜಾಗಕ್ಕೇ ಬರುತ್ತೇವೆ. ಅಲ್ಲದೆ ಕರಾವಳಿಯವರಿಗೆ ಮಜಲು ಅಂದರೆ ಗದ್ದೆ, ಬೆಟ್ಟು ಮತ್ತು ಬೈಲಿನ ನಡುವಿನದು.

ಕೊನೆಗೆ ದಾರಿ ಸಿಕ್ಕಿದ್ದು ಕಂಬಳದಲ್ಲಿ. ನಮ್ಮ ಬಳಗದಲ್ಲಿ ಬಂಟ್ವಾಳದ ಕಡೆಯವರೊಬ್ಬರಿದ್ದಾರೆ. ಅವರ ಹತ್ತಿರ ಈ ತೊಂದರೆ ಹೇಳಿಕೊಂಡಾಗ ‘ನಮ್ಮಲ್ಲಿ ಕಂಬಳ ಕೂಟ ಅಂತೇವಲ್ಲ’ ಅಂದರು. ಯೋಚಿಸಿದಷ್ಟೂ ಸರಿ ಅನ್ನಿಸಿತು. ಚಳಿಗಾಲ ಶುರುವಾಗುವ ಹೊತ್ತಿಗೆ ಕಂಬಳಗಳು ಶುರುವಾಗುತ್ತವೆ. ಒಂದು ವಾರ ಒಂದೂರು, ಮುಂದಿನ ವಾರ ಇನ್ನೊಂದೂರು. ಈ ಕೂಟದಲ್ಲಿ ಸೋತ ಜೋಡಿ ಕೋಣ ಮುಂದಿನ ಕೂಟದ ಕರೆಗೆ, ಅಂದರೆ ಕೋಣ ಓಡುವ ಕೆಸರು ಗದ್ದೆಗೆ, ಇಳಿಯಬಹುದು. ಪ್ರತಿ ಕೂಟವೂ ತನ್ನಷ್ಟಕ್ಕೆ ಪೂರ್ತಿ. ಜೊತೆಗೆ ‘ಕ್ರೀಡಾಕೂಟ’ ಅನ್ನುವ ಪದ ಶಾಲೆಗೆ ಹೋದ ಎಲ್ಲರ ಕಿವಿಯಲ್ಲೂ ಇದೆ. ‘ಮೂರನೇ ಕೂಟ ಬರುವ ಭಾನುವಾರ. ಹೊಸಬರಿಗೆ ಎರಡು ಸುತ್ತು.’ ಓದಿ ನೋಡಿ. ಎರಡೂ ಬೇರೆ ಬೇರೆ ನಿಂತವು. ಇದು ನಿಮಗೆ ಒಪ್ಪಿಗೆಯಾ? ಕೂಟ ಅಂದರೆ ಊಟದ ಕೂಟ, ಮೈತ್ರಿಕೂಟ ಅಂತ ಅನ್ನಿಸಿಬಿಡುತ್ತದಾ?

ವಿಭಾಗಗಳ ಹೆಸರಿಗೂ ಕಂಬಳ ನೆರವಾದೀತು. ಅಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಅಂತ ಕರೆಯುತ್ತಾರೆ. ನಮ್ಮಲ್ಲಿ ಸದ್ಯಕ್ಕೆ ‘ಹೊಸಬರು’ ಮತ್ತು ‘ಪಳಗಿದವರು’ ಸಾಕಾಗಿದೆ.

ಇನ್ನು ರೇಸ್ ಅನ್ನುವುದಕ್ಕೆ. ರೇಸ್ ಅಂತಲೇ ಇರಲಿ ಅನ್ನುವವನು ನಾನು. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು ಜಾತ್ರೆ ಬಂತೆಂದರೆ ‘ಸೈಕಲ್ ಶರ್ಯತ್ತು’ ಇಡುತ್ತಾರೆ. ಎತ್ತಿನ ಗಾಡಿ ಶರ್ಯತ್ತು ಇದ್ದ ಹಾಗೆ ಇದೂ ಒಂದು. ಊರವರೇ ಸೇರಿ ನಡೆಸುತ್ತಾರೆ, ಬಹುಮಾನಕ್ಕೆ ಊರವರೇ ದುಡ್ಡು ಹಾಕುತ್ತಾರೆ. ರಾಜ್ಯಕ್ಕೆ ಎಷ್ಟೋ ಸೈಕಲ್ ಪಟುಗಳು ಬಂದಿರುವುದು ಆ ಕಡೆಯಿಂದಲೇ. ರಾಷ್ಟ್ರಮಟ್ಟದ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲೂ ನಡೆದಿದೆ. ಅಂದರೆ ನಾವು ಬೆಂಗಳೂರಿನವರು ಹೊಸದಾಗಿ ಹುಡುಕುತ್ತಿರುವ ಪದ ಅಲ್ಲಿ ಮೊದಲೇ ಬಾಯಲ್ಲಿದೆ. ‘ಶರ್ಯತ್ತು’ ದಕ್ಷಿಣದವರಿಗೆ ತಿಳಿಯುತ್ತದಾ ಅನ್ನುವುದೊಂದೇ ಪ್ರಶ್ನೆ. ಇಲ್ಲಿನವರಿಗೆ ‘ಷರತ್ತು’ ಗೊತ್ತು, ಅದು ಕರಾರಿನ ಮಾತಾಯಿತು.

ಮೌಂಟನ್ ಬೈಕಿನ ‘ಬೈಕ್’ ಇನ್ನೊಂದು ತೊಡಕು. ಕನ್ನಡದಲ್ಲಿ ಬೈಕು ಅಂದರೆ ಪೆಟ್ರೋಲ್ ಹಾಕುವ ಗಾಡಿ. ‘ಮೌಂಟನ್ ಬೈಕ್ ರೇಸ್’ ಅಂತ ಹಾಕಿದ್ದಾಗ ಇಬ್ಬರು ಹೆಲ್ಮೆಟ್ ಹಿಡಿದು ಮೋಟರ್‌ಸೈಕಲ್ಲಿನಲ್ಲೇ ಬಂದಿದ್ದರು. ಪಾಪ, ದೂರದಿಂದ ಬಂದವರು. ಹುಡುಗರು ಇದನ್ನು ಕರೆಯುವುದು ‘ಗೇರ್ ಸೈಕಲ್’ ಅಂತ. ಬೀದಿಯಲ್ಲಿ ಅದು ಸಾಕು, ಆದರೆ ಟಾರು ರಸ್ತೆಯ ಸೈಕಲ್ಲಿಗೂ ಗೇರ್ ಇರುತ್ತದೆ. ‘ಪರ್ವತ ಸೈಕಲ್’ ಅಂದರೆ ಹಿಮಾಲಯ ನೆನಪಾಗುತ್ತದೆ. ಉಳಿದದ್ದು ಬೆಟ್ಟ ಮತ್ತು ಗುಡ್ಡ. ಹಳೇ ಮೈಸೂರಿನಲ್ಲಿ ನಂದಿ ಬೆಟ್ಟ, ಚಾಮುಂಡಿ ಬೆಟ್ಟ. ಉತ್ತರದಲ್ಲಿ ಕಪ್ಪತಗುಡ್ಡ. ಶಿರಸಿ ಕಡೆ ‘ಸೊಪ್ಪಿನ ಬೆಟ್ಟ’ ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ನಾವು ತುಳಿಯುವುದು ಸಣ್ಣ ಎತ್ತರಗಳನ್ನು. ಅದಕ್ಕೇ ನಾನು ‘ಗುಡ್ಡದ ಸೈಕಲ್’ ಅಂತ ಬರೆಯುತ್ತಿದ್ದೇನೆ.

ದಾರಿಯ ವಿಚಾರಕ್ಕೆ ಬಂದರೆ ಮಾತ್ರ ನಾವು ಯಾರ ಹತ್ತಿರವೂ ಸಾಲ ಕೇಳಬೇಕಿಲ್ಲ. ಒಂದೇ ಸೈಕಲ್ ಹಿಡಿಸುವಷ್ಟು ಅಗಲದ ದಾರಿಗೆ ಇಂಗ್ಲಿಷಿನವರು ಸಿಂಗಲ್ ಟ್ರ್ಯಾಕ್ ಅನ್ನುತ್ತಾರೆ, ಗಾಡಿಯ ಎರಡು ಗಾಲಿ ಓಡಾಡಿ ಆದದ್ದಕ್ಕೆ ಡಬಲ್ ಟ್ರ್ಯಾಕ್. ನಮ್ಮಲ್ಲಿ ‘ಕಾಲುದಾರಿ’ ಇದೆ, ‘ಬಂಡಿಜಾಡು’ ಇದೆ. ಅಷ್ಟೇ, ಮುಗಿಯಿತು. ಟ್ರೇಲ್ ಅನ್ನುವುದಕ್ಕೆ ‘ಜಾಡು’ ಅನ್ನಬಹುದು. ಯಾರೂ ಕಟ್ಟಿದ್ದಲ್ಲ, ದನವೋ ಮನುಷ್ಯರೋ ಹೋಗಿ ಬಂದು ಆದದ್ದು ಅನ್ನುವ ಅರ್ಥ ಅದರಲ್ಲೇ ಇದೆ. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಓಡಾಡಿದವರಿಗೆ ‘ಹಾಸುಬಂಡೆ’ ಅಂದರೆ ವಿವರಿಸಬೇಕಿಲ್ಲ. ಮಳೆ ನೀರು ಕೊರೆದ ಸೀಳು ‘ಕೊರಕಲು’. ಟಯರ್ ಜಾರಿಸುವ ಸಣ್ಣ ಕಲ್ಲುಮಣ್ಣು ಉತ್ತರದಲ್ಲಿ ‘ಗರಸು’. ದಾರಿ ಬಿಟ್ಟು ನಡುವೆ ತೂರಿಕೊಂಡು ಬಂದವರಿಗೆ ಅಂಕ ಇಲ್ಲ ಅನ್ನುವುದಕ್ಕೆ ‘ಅಡ್ಡದಾರಿ ಹಿಡಿದವರಿಗೆ ಅಂಕ ಇಲ್ಲ’ ಅಂತ ಬರೆದೆ. ನಿಯಮದ ಹಾಳೆಯಲ್ಲಿ ಯಾರೂ ಪ್ರಶ್ನೆ ಕೇಳದ ಸಾಲು ಅದೊಂದೇ.

ಏರುವುದಕ್ಕೆ ಮಾತ್ರ ತಡವರಿಸಿದೆ. ‘ಏರಿ’ ಅಂದರೆ ಕೆರೆ ಏರಿ. ‘ಏರಿಕೆ’ ಅಂದರೆ ಬೆಲೆ ಏರಿಕೆ. ತುಳಿಯುವಾಗ ಎಲ್ಲರ ಬಾಯಲ್ಲೂ ಬರುವುದು ‘ಅಪ್ಪು’, ‘ಡೌನು’. ಬರಹದಲ್ಲಿ ‘ಏರು’, ‘ಇಳಿಜಾರು’ ಅಂತ ಹಾಕುತ್ತಿದ್ದೇನೆ. ‘ಕೊನೆಯ ಏರು ಕಡಿದಾಗಿದೆ, ಬೇಕಾದರೆ ತಳ್ಳಿಕೊಂಡು ಹತ್ತಿ’ ಅಂತ. ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಮಾತಿದ್ದರೆ ಕೊಡಿ.

ಇಲ್ಲೊಂದು ಹಳೆಯ ಸಂಗತಿ ನೆನಪಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಕೆಲವು ಗೆಳೆಯರು ಹಳೇ ಸೈಕಲ್ಲುಗಳಲ್ಲಿ ಗುಡ್ಡದ ಇಳಿಜಾರಿನಲ್ಲಿ ರೇಸ್ ಶುರುಮಾಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವು. ಕೆಳಗೆ ಬರುವಷ್ಟರಲ್ಲಿ ಗಾಲಿಯ ನಡುವಿನ ಹಬ್ ಕಾದು ಒಳಗಿನ ಗ್ರೀಸ್ ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹಾಗೆ ಮತ್ತೆ ತುಂಬುವುದನ್ನು ಅವರು ರೀಪ್ಯಾಕ್ ಅನ್ನುತ್ತಿದ್ದರು. ಆ ದಾರಿಗೂ ರೇಸಿಗೂ ಅದೇ ಹೆಸರಾಯಿತು. 20 ವರ್ಷದ ನಂತರ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಗುಡ್ಡದ ಸೈಕಲ್ ಆಟ ಸೇರಿತು. ಕೈಗೆ ಗ್ರೀಸ್ ಮೆತ್ತಿಕೊಂಡವರು ಇಟ್ಟ ಹೆಸರು ಉಳಿಯಿತು ನೋಡಿ. ನಮ್ಮ ಸೈಕಲ್ ಶಾಪುಗಳಲ್ಲಿ ‘ಓವರಾಯಿಲಿಂಗ್’ ಅನ್ನುವ ಪದ ಹುಟ್ಟಿದ್ದೂ ಹೀಗೇ ಇರಬೇಕು. ಓವರ್‌ಹಾಲ್ ಮಾಡುವಾಗ, ಅಂದರೆ ಪೂರ್ತಿ ಬಿಚ್ಚಿ ಜೋಡಿಸುವಾಗ, ಎಣ್ಣೆ ಹಾಕುತ್ತಾರಲ್ಲ!

‘ಸಮುದಾಯ’ದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇದು ಕಮ್ಯುನಿಟಿ ರೇಸ್ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕನ್ನಡದಲ್ಲಿ ‘ಸಮುದಾಯದ ಸೈಕಲ್ ರೇಸ್’ ಅಂತ ಬರೆದೆ. ಹಳ್ಳಿಯ ಹಿರಿಯರೊಬ್ಬರು ಓದಿ ‘ಯಾವ ಸಮುದಾಯದವರದ್ದು ಸ್ವಾಮಿ ಇದು?’ ಅಂತ ಕೇಳಿದರು. ಪೇಪರಿನಲ್ಲಿ ದಿನಾ ‘ಆ ಸಮುದಾಯದ ಮುಖಂಡರು, ಈ ಸಮುದಾಯದ ಮುಖಂಡರು’ ಅಂತಲೇ ಬರುವಾಗ ಅವರು ಜಾತಿ ಕೇಳಿದ್ದು ಸಹಜ. ಎಲ್ಲರಿಗೂ ಬಾಗಿಲು ತೆರೆಯಲಿ ಅಂತ ಹಾಕಿದ ಪದವೇ ಬಾಗಿಲು ಮುಚ್ಚಿತು. ಆ ಪದ ಅವತ್ತೇ ತೆಗೆದೆ. ‘ಊರೊಟ್ಟಿನ ಕೆಲಸ’, ‘ಊರೊಟ್ಟಿನ ಹಬ್ಬ’ ಅನ್ನುತ್ತೇವಲ್ಲ, ಆ ‘ಊರೊಟ್ಟು’ ಹತ್ತಿರ ಬರುತ್ತದೆ. ಆದರೆ ನಾವೆಲ್ಲ ಒಂದೇ ಊರಿನವರಲ್ಲ. ಸದ್ಯಕ್ಕೆ ‘ಎಲ್ಲರೂ ಸೇರಿ ನಡೆಸುವ’ ಅಂತಿದೆ.

ಫಲಿತಾಂಶದ ಪಟ್ಟಿಯಲ್ಲಿ ಕೆಲವರ ಹೆಸರಿನ ಮುಂದೆ ‘ಅರ್ಧಕ್ಕೆ ಬಿಟ್ಟರು’ ಅಂತ ಹಾಕುತ್ತಿದ್ದೆ. ಪಂಚರ್ ಆಗಿ, ಚೈನ್ ತುಂಡಾಗಿ ನಿಂತವರು ಬಿಟ್ಟವರಲ್ಲ. ಈಗ ‘ಅರ್ಧಕ್ಕೆ ನಿಂತಿತು’ ಅಂತ ಬದಲಾಯಿಸಿದ್ದೇನೆ.

ಕೊನೆಯದಾಗಿ ಒಂದು ಪದ. ನಮ್ಮ ಪ್ರತಿ ರೇಸಿನಲ್ಲೂ ಎಲ್ಲರಿಗಿಂತ ಹಿಂದೆ ಒಬ್ಬರು ತುಳಿಯುತ್ತಾರೆ. ಕೊನೆಯ ಸವಾರನ ಹಿಂದೆಯೇ ಇರುವುದು ಅವರ ಕೆಲಸ. ಬಿದ್ದವರನ್ನು ಎಬ್ಬಿಸುತ್ತಾರೆ, ಟ್ಯೂಬ್ ಬದಲಾಯಿಸಲು ಕೈ ಕೊಡುತ್ತಾರೆ, ದಾರಿಯಲ್ಲಿ ಯಾರೂ ಉಳಿದಿಲ್ಲ ಅಂತ ನೋಡಿಕೊಂಡು ಬರುತ್ತಾರೆ. ಇಂಗ್ಲಿಷಿನಲ್ಲಿ ಸ್ವೀಪ್ ಅನ್ನುತ್ತಾರೆ. ಕಸ ಗುಡಿಸುವ ಮಾತು ನನಗೆ ಸರಿ ಕಾಣಲಿಲ್ಲ. ‘ಹಿಂಬಾಲಕ’ ಅಂದರೆ ರಾಜಕಾರಣಿಯ ಹಿಂದೆ ಓಡಾಡುವವನು. ಹುಡುಕುತ್ತಾ ಹೋದಾಗ ‘ಬೆಂಗಾವಲು’ ಸಿಕ್ಕಿತು. ಬೆನ್ನ ಹಿಂದಿನ ಕಾವಲು. ಬೆಂಬಲ, ಬೆಂಬತ್ತು ಇದ್ದ ಹಾಗೆ ಇಲ್ಲೂ ಮೊದಲಿಗೆ ಇರುವುದು ಬೆನ್ನು. ನಮ್ಮ ಕೊನೆಯ ಸವಾರ ಮಾಡುವುದು ಸರಿಯಾಗಿ ಅದನ್ನೇ. ಆದರೆ ಈಗ ಬೆಂಗಾವಲು ಅಂದ ಕೂಡಲೇ ಸೈರನ್ ಹಾಕಿಕೊಂಡು ಹೋಗುವ ಮಂತ್ರಿಗಳ ಕಾರು ಕಣ್ಣಿಗೆ ಬರುತ್ತದೆ. ಆ ಪದವನ್ನು ಅಲ್ಲಿಂದ ಇಳಿಸಿ ಸೈಕಲ್ ಮೇಲೆ ಕೂರಿಸಬಹುದಾ?

ಮೂರನೆಯ ಪ್ರಕಟಣೆ ಮುಂದಿನ ವಾರ ಹಳ್ಳಿಯ ಟೀ ಅಂಗಡಿಯ ಗೋಡೆಗೆ ಅಂಟಿಸಬೇಕು. ‘ಕೂಟ’ ಮತ್ತು ‘ಬೆಂಗಾವಲು’ ಎರಡರ ಬಗ್ಗೆ ಅದಕ್ಕೂ ಮೊದಲು ಒಂದು ಮಾತು ಹೇಳಿ.