ಚಳಿಯಲ್ಲಿ ಥ್ರಾಟಲ್ ಒಮ್ಮೆಲೇ ಎಳೆದರೆ ಸಿಲಿಂಡರ್ ಬಿರುಕು ಬಿಡುತ್ತಾ?

ಪ್ರಶ್ನೆ: ಸರ್, ಊರು ದಾವಣಗೆರೆ, ಈಗ ಕೆನಡಾದ ಆಲ್ಬರ್ಟಾದಲ್ಲಿ ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ನಿನ್ನೆ ಮೈನಸ್ 18 ಡಿಗ್ರಿ. 3,000 ಅಡಿ ಕೆಳಗಿಳಿಯಬೇಕಿತ್ತು, ಥ್ರಾಟಲ್ ಪೂರ್ತಿ ಎಳೆದು, ಅಂದರೆ ಎಂಜಿನ್ ಪವರ್ ಪೂರ್ತಿ ಇಳಿಸಿ, ಮೂಗು ಕೆಳಗೆ ಮಾಡಿದೆ. ಇನ್‌ಸ್ಟ್ರಕ್ಟರ್ ರೇಗಿಬಿಟ್ಟರು, ಕಾದ ಕಾವಲಿಗೆ ತಣ್ಣೀರು ಸುರಿದ ಹಾಗೆ ಅಂತ. ಆದರೆ ಫೋರ್ಸ್ಡ್ ಲ್ಯಾಂಡಿಂಗ್ (ಎಂಜಿನ್ ಕೆಟ್ಟಾಗ ಇಳಿಯುವ) ಅಭ್ಯಾಸದಲ್ಲಿ ಅವರೇ ಥ್ರಾಟಲನ್ನು ಐಡಲ್‌ಗೆ, ಅಂದರೆ ಅತಿ ಕಡಿಮೆ ಪವರ್‌ಗೆ, ಎಳೆಯುತ್ತಾರಲ್ಲ?

ಉತ್ತರ: ಕಾವಲಿ ಹೋಲಿಕೆ ಅರ್ಧ ಸರಿ. ಕಾವಲಿ ಒಂದೇ ಲೋಹ. ನಿಮ್ಮ ಲೈಕಮಿಂಗ್ ಕಂಪನಿಯ ಎಂಜಿನ್‌ನ ಸಿಲಿಂಡರ್‌ನಲ್ಲಿ ಉಕ್ಕಿನ ಬ್ಯಾರೆಲ್ (ಕೊಳವೆ) ಮೇಲೆ ಅಲ್ಯೂಮಿನಿಯಂ ಹೆಡ್ (ಮುಚ್ಚಳದ ಭಾಗ) ಬಿಗಿಯಾಗಿ ಕೂತಿರುತ್ತದೆ, ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಕಾರಿನ ಹಾಗೆ ರೇಡಿಯೇಟರ್, ಥರ್ಮೋಸ್ಟಾಟ್ ಯಾವುದೂ ಇಲ್ಲ, ಬರೀ ಗಾಳಿ. ನೀವು ಮಾಡಿದ್ದರಲ್ಲಿ ಒಳಗೆ ಶಾಖ ಹುಟ್ಟುವುದು ತೀರಾ ಕಡಿಮೆಯಾಯಿತು, ಹೊರಗಿನ ಗಾಳಿ ಜೋರಾಯಿತು. ಹೆಡ್ ನಿಮಿಷಕ್ಕೆ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 28 ಸೆಲ್ಸಿಯಸ್‌ಗಿಂತ ಬೇಗ ತಣಿಯಬಾರದು ಅನ್ನುವುದು ಲೈಕಮಿಂಗ್ ಸಲಹೆ.

ಫೋರ್ಸ್ಡ್ ಲ್ಯಾಂಡಿಂಗ್ ಅಭ್ಯಾಸದಲ್ಲಿ ನೀವು 65 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ಆಸುಪಾಸಿನಲ್ಲಿ ಗ್ಲೈಡ್ ಮಾಡುತ್ತೀರಿ, ಅಂದರೆ ತೇಲಿಕೊಂಡು ಇಳಿಯುತ್ತೀರಿ, ಗಾಳಿ ಅಷ್ಟು ರಭಸ ಇರುವುದಿಲ್ಲ. ಆದರೂ ಚಳಿಯಲ್ಲಿ ಮೊದಲೇ ಪವರ್ ಸ್ವಲ್ಪ ಇಳಿಸಿಕೊಳ್ಳಬೇಕು, ಆಮೇಲೆ 500-1,000 ಅಡಿಗೊಮ್ಮೆ ಥ್ರಾಟಲ್ ಕೊಟ್ಟು ಎಂಜಿನ್ ಬೆಚ್ಚಗಿಡಬೇಕು. ನಿಮ್ಮ ಇನ್‌ಸ್ಟ್ರಕ್ಟರ್ ಹಾಗೆ ಮಾಡ್ತಾರಾ, ಕೇಳಿ ನೋಡಿ!

ಮಾಮೂಲಿ ಇಳಿಯುವುದಕ್ಕೆ ಬೇಗ ಶುರು ಮಾಡಿ, ಅಷ್ಟೇ. ನಿಮಿಷಕ್ಕೆ 500 ಅಡಿಯಂತೆ 3,000 ಅಡಿಗೆ ಆರು ನಿಮಿಷ, 120 ನಾಟ್‌ನಲ್ಲಿ 12 ನಾಟಿಕಲ್ ಮೈಲಿ ಮೊದಲೇ. ಪವರ್ ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಮಿಶ್ರಣ) ಕೂಡ ಒಂದೇ ಸಲ ಪೂರ್ತಿ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ, ಮಾಡಬೇಡಿ, ಜಾಸ್ತಿ ಪೆಟ್ರೋಲೂ ತಣಿಸುತ್ತದೆ.

ನಿನ್ನೆಯ ಒಂದು ಸಲಕ್ಕೆ ಏನೂ ಸೀಳಿರುವುದಿಲ್ಲ, ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. ಬಿರುಕಿಗೆ ಇದೇ ಕಾರಣ ಅನ್ನುವುದನ್ನು ಒಪ್ಪದ ಮೆಕ್ಯಾನಿಕ್‌ಗಳೂ ಇದ್ದಾರೆ. ನನ್ನನ್ನು ಕೇಳಿದರೆ, ರಾತ್ರಿಯಿಡೀ ಮರಗಟ್ಟಿದ ಎಂಜಿನ್‌ ಅನ್ನು ಬೆಳಿಗ್ಗೆ ಹಾಗೇ ಸ್ಟಾರ್ಟ್ ಮಾಡುವುದು ಇದಕ್ಕಿಂತ ಕೆಟ್ಟದ್ದು.

ಪ್ರಶ್ನೆ: ಅಯ್ಯೋ, ಅದನ್ನೂ ಮಾಡಿದ್ದೇನೆ ಸರ್. ಆಯಿಲ್ ಬಿಸಿ ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು. ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಹೊರ ಪೆಟ್ಟಿಗೆ) ಅಲ್ಯೂಮಿನಿಯಂ, ಒಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಉಕ್ಕು. ಚಳಿಗೆ ಕೇಸ್ ಜಾಸ್ತಿ ಕುಗ್ಗಿ ಬೇರಿಂಗ್ ಸಂದು ಬಿಗಿಯಾಗುತ್ತದೆ, ಆಗ ಆಯಿಲ್ ಎಷ್ಟು ತೆಳ್ಳಗಿದ್ದರೂ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ಮೈನಸ್ 12 ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಪ್ರೀಹೀಟ್ (ಸ್ಟಾರ್ಟ್‌ಗೆ ಮೊದಲು ಎಂಜಿನ್ ಬಿಸಿ ಮಾಡುವುದು) ಕಡ್ಡಾಯ ಅಂದುಕೊಳ್ಳಿ. ಸಿಲಿಂಡರ್, ಕೇಸ್, ಆಯಿಲ್ ಎಲ್ಲಕ್ಕೂ ಬಿಸಿ ತಾಗಬೇಕು, ಹತ್ತು ನಿಮಿಷದ ಕೆಲಸ ಅಲ್ಲ. ಕೌಲಿಂಗ್ (ಎಂಜಿನ್ ಮುಚ್ಚುವ ಹೊರಕವಚ) ಮೇಲೆ ದಪ್ಪ ಹೊದಿಕೆ ಹಾಕಿ. ಹಾರುವ ಮುಂಚೆ ಅದನ್ನು ತೆಗೆಯಿರಿ ಮಾತ್ರ.