ಚಂಡಮಾರುತ ಒಳನಾಡಿಗೆ: ಮೇಲಿನ ಬರೆ, ಮೋರಿ ಕೆಲಸ ನಾಳೆಯೇ ಆಗಬೇಕು (ನಮ್ಮ ಫೋನ್ ಗುಂಪಿನ ಮಾತುಕತೆ)

ಜಾನಕಿ (ಕೆಳಗಿನ ಸಾಲು): ಎಲ್ಲರಿಗೂ ನಮಸ್ಕಾರ. ಬಂಗಾಳ ಕೊಲ್ಲಿಯ ಚಂಡಮಾರುತ ನಾಡಿದ್ದು ತಮಿಳುನಾಡಿನ ಕರಾವಳಿ ದಾಟಿ ನಮ್ಮ ಕಡೆ ಬರುತ್ತದಂತೆ. ಕೊಡಗಿಗೆ ಆರೆಂಜ್ ಅಲರ್ಟ್ ಇದೆ. ನನ್ನ ಚಿಂತೆ ಮೇಲಿನ ಸೈಟಿನದು. ಮಟ್ಟ ಮಾಡೋಕೆ ಗುಡ್ಡ ಕಡಿದವರು ಮಣ್ಣನ್ನೆಲ್ಲ ಮೋರಿ ಬಾಯಿಗೇ ಸುರಿದು ಹೋಗಿದ್ದಾರೆ. ಫೋನ್ ಎತ್ತುತ್ತಿಲ್ಲ. ಬರೆಯ, ಅಂದರೆ ಆ ಕಡಿದ ಗುಡ್ಡದ ಗೋಡೆಯ, ನೆತ್ತಿಯಲ್ಲಿ ಬಿರುಕು ಬಿಟ್ಟಿದೆ, ಅಂಗೈ ಇಳಿಯುವಷ್ಟು. ಫೋಟೋ ಹಾಕಿದ್ದೇನೆ, ನೋಡಿ.

ಕುಶಾಲಪ್ಪ: ಜಾನಕಿ ಅಕ್ಕ, ಸಮುದ್ರ ಎಲ್ಲಿ, ನಾವೆಲ್ಲಿ? ಇಲ್ಲಿಗೆ ಬರೋದರೊಳಗೆ ಚಂಡಮಾರುತದ ಕಥೆ ಮುಗಿದಿರುತ್ತೆ. ನನಗೆ ಕಣದಲ್ಲಿರೋ ಕಾಫಿದೇ ತಲೆಬಿಸಿ.

ರಮ್ಯಾ: ಮಾವ, ಗಾಳಿಯ ಕಥೆ ಮುಗಿದಿರುತ್ತೆ, ಮಳೆಯದಲ್ಲ. ನೆಲದ ಮೇಲೆ ಬಂದ ಮೇಲೆ ಸಮುದ್ರದ ಬಿಸಿ ಸಿಗದೆ ಗಾಳಿ ತಗ್ಗುತ್ತೆ. ಟಿವಿಯಲ್ಲಿ ‘ದುರ್ಬಲಗೊಂಡಿದೆ’ ಅಂತ ಓದ್ತಾರೆ, ನಾವು ಹಾಸಿಗೆ ಬಿಚ್ಚಿ ಮಲಗ್ತೀವಿ. ಆದರೆ ಹೊತ್ತು ತಂದ ನೀರಾವಿ ಹಾಗೇ ಇರುತ್ತೆ. ಬೆಟ್ಟ ಅಡ್ಡ ಬಂದಲ್ಲಿ ಮೇಲೇರಿ ತಣ್ಣಗಾಗಿ ಸುರಿಯುತ್ತೆ. 2024ರ ಫೆಂಗಲ್ ಚಂಡಮಾರುತ ನೆನಪಿದೆಯಾ? ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಮುಟ್ಟಿತು. ಮಾರನೇ ದಿನ ತಿರುವಣ್ಣಾಮಲೈನಲ್ಲಿ ಗುಡ್ಡ ಜಾರಿ ಮನೆ ಮೇಲೆ ಬಿದ್ದು 7 ಜನ ಹೋದರು. ಅದು ಪುದುಚೇರಿಯಿಂದ ಸುಮಾರು 100 ಕಿ.ಮೀ. ಒಳಗಿರೋ ಊರು. ಅದೇ ಮಳೆ ಆಮೇಲೆ ನಮ್ಮ ರಾಜ್ಯ ಹಾದು ಅರಬ್ಬೀ ಸಮುದ್ರಕ್ಕೆ ಇಳಿಯಿತು. ಆ ಡಿಸೆಂಬರ್‌ನಲ್ಲಿ ಕಣದ ಕಾಫಿ ನೆನೆದಿದ್ದು ಯಾವ ಮಳೆಗೆ ಅಂದುಕೊಂಡ್ರಿ?

ಕುಶಾಲಪ್ಪ: ಸರಿ ಮಗ, ಗೆದ್ದೆ. ಆದರೆ 2018ರಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದು ಆಗಸ್ಟ್‌ನಲ್ಲಿ, ತಿಂಗಳುಗಟ್ಟಲೆ ಸುರಿದ ಮೇಲೆ. ಈಗ ನೆಲ ಒಣಗಿದೆ.

ಬೋಪಣ್ಣ: ಎಲ್ಲಿ ಒಣಗಿದೆ? ಮೊನ್ನೆಯಿಂದ ಜಿಟಿಜಿಟಿ ಬೀಳ್ತಾನೇ ಇದೆ. ಮಗಳು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇರೋದರಿಂದ ನನಗೆ ಇದರ ಬಿಸಿ ಗೊತ್ತು. ಅಲ್ಲಿ ಇದಕ್ಕೇ ಹರಿಕೇನ್ ಅಂತಾರೆ. ಹೆಲೀನ್ ಅನ್ನೋದು 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾಕ್ಕೆ ಅಪ್ಪಳಿಸಿತು. ಬೆಳಗಾಗೋದರೊಳಗೆ ನೂರಾರು ಕಿ.ಮೀ. ಒಳಗಿನ ಆಶ್‌ವಿಲ್ ಕಡೆಯ ಗುಡ್ಡಗಾಡಿನಲ್ಲಿ ಪ್ರವಾಹ, ಭೂಕುಸಿತ. ಅದು ತಲುಪೋಕೆ ಮುಂಚೆಯೇ ಅಲ್ಲಿ ಜೋರು ಮಳೆಯಾಗಿ ನೆಲ ನೀರು ಕುಡಿದು ತುಂಬಿತ್ತು. ನಾರ್ತ್ ಕೆರೊಲಿನಾ ಒಂದರಲ್ಲೇ ನೂರಕ್ಕೂ ಹೆಚ್ಚು ಸಾವು. ಆಶ್‌ವಿಲ್‌ನಲ್ಲಿ ನಲ್ಲಿ ನೀರು ಕುಡಿಯಬಹುದು ಅಂತ ಹೇಳಿದ್ದು ನವೆಂಬರ್ 18ಕ್ಕೆ! ಅಷ್ಟು ದೊಡ್ಡ ದೇಶದ ಪಾಡು ಅದು. ಇಲ್ಲಿ ಮೋರಿ ಬಿಡಿಸೋಕೆ ಯಾರ ಅಪ್ಪಣೆಗೂ ಕಾಯಬೇಡಿ. ನಾಳೆ ಬೆಳಿಗ್ಗೆ ಏಳಕ್ಕೆ ಹಾರೆ, ಗುದ್ದಲಿ ತಗೊಂಡು ಬನ್ನಿ.

ಲತೀಫ್ (ಅಂಗಡಿ): ಜೆಸಿಬಿಗೆ ಹೇಳಲಾ ಬೋಪಣ್ಣಣ್ಣ?

ಬೋಪಣ್ಣ: ಮೋರಿ ಬಾಯಿಗೆ ಮಾತ್ರ, ಅದೂ ರಸ್ತೆ ಮೇಲೆ ನಿಂತು. ಬರೆಯ ಬುಡಕ್ಕೆ ಬಕೆಟ್ ತಾಗಿಸಿದರೆ ನಾವೇ ಗುಡ್ಡ ಎಳೆದು ಹಾಕಿದಂಗೆ. ತೆಗೆದ ಮಣ್ಣನ್ನ ಮತ್ತೆ ಕೆಳಗಿನ ತೋಡಿಗೆ ತಳ್ಳಬೇಡಿ, ನಿನ್ನ ಪಿಕಪ್‌ನಲ್ಲಿ ಸಾಗಿಸು. ಬಿರುಕಿಗೆ ಜಿಗುಟು ಮಣ್ಣು ತುಂಬಿ ಗುದ್ದಬೇಕು. ಅದರ ಮೇಲೆ ಟಾರ್ಪಾಲ್. ಟಾರ್ಪಾಲಿನ ಮೇಲಂಚು ಬಿರುಕಿಗಿಂತ ಎರಡು ಮಾರು ಮೇಲೆ, ಸಣ್ಣ ಚರಂಡಿ ತೋಡಿ ಅದರೊಳಗೆ ಹೂತಿರಬೇಕು. ಬರೀ ಕಲ್ಲಿಟ್ಟು ಬಂದರೆ ನೀರು ಅಡಿಯಿಂದ ನುಗ್ಗಿ ಟಾರ್ಪಾಲ್ ಹಾಕಿದ್ದೇ ದಂಡ. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ಮಧ್ಯದ ಅಳತೆ ಬರೆದಿಡೋಣ. ಹಗಲಲ್ಲಿ ಮಾತ್ರ ನೋಡೋದು. ರಾತ್ರಿ ಟಾರ್ಚ್ ಹಿಡಿದು ಯಾರೂ ಮೇಲೆ ಹತ್ತಬಾರದು.

ಜಾನಕಿ: ಟಾರ್ಪಾಲ್ ಯಾರ ಹತ್ತಿರ ಇದೆ? ಕಾಫಿ ಸಮಯ, ಪೇಟೆಯಲ್ಲಿ ಸ್ಟಾಕ್ ಇಲ್ಲ.

(ಬಹಳ ಹೊತ್ತು ಯಾರ ಉತ್ತರವೂ ಇಲ್ಲ.)

ಕುಶಾಲಪ್ಪ: ನನ್ನ ಹತ್ತಿರ ನಾಲ್ಕಿದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಎಲ್ಲರೂ ಸುಮ್ಮನಿದ್ದೀರಿ. ದೊಡ್ಡದು ಎರಡು ಕೊಡ್ತೀನಿ. ನನ್ನ ಕಾಫಿಗೆ ಸಮುದಾಯ ಭವನ ಬೇಕು.

ರಮ್ಯಾ: ಭವನ ಕೆಳಗಿನ ಸಾಲಿನವರಿಗೆ ಮಲಗೋಕೆ ಬೇಕಲ್ಲ ಮಾವ. ಮೂಟೆ ಕಟ್ಟಿ ಮನೆಯಲ್ಲೇ ಇಡಬಾರದಾ?

ಕುಶಾಲಪ್ಪ: ಅರೆ ಒಣಗಿದ ಕಾಫಿ ಮೂಟೆ ಕಟ್ಟಿದರೆ ಬಿಸಿಯಾಗಿ ಬೂಷ್ಟು ಹಿಡಿಯುತ್ತೆ. ತೆಳ್ಳಗೆ ಹರಡಬೇಕು.

ಜಾನಕಿ: ಭವನದ ಜಗುಲಿ ತಗೊಳ್ಳಿ ಕುಶಾಲಪ್ಪಣ್ಣ, ಅಲ್ಲಿ ಎರಚಲು ಬೀಳಲ್ಲ. ಒಳಗೆ ನಾವು. ಆಗಾಗ ಕೈಯಾಡಿಸೋ ಕೆಲಸ ನನ್ನದು.

ಕುಶಾಲಪ್ಪ: ಆಯ್ತು.

ರಮ್ಯಾ: ಇನ್ನೊಂದು ವಿಷಯ. ಬರೆಗೆ ಎಲ್ಲರಿಗಿಂತ ಹತ್ತಿರ ಇರೋದು ತೋಟದ ಕೆಲಸದವರ ಲೈನ್ ಮನೆ. ಅಲ್ಲಿರೋ, ಅಸ್ಸಾಂನಿಂದ ಬಂದವರು ಈ ಗುಂಪಿನಲ್ಲೇ ಇಲ್ಲ. ಇಲ್ಲಿ ನಾವು ನೂರು ಮೆಸೇಜ್ ಹಾಕಿದರೂ ಅವರಿಗೆ ಒಂದಕ್ಷರ ಗೊತ್ತಾಗಲ್ಲ.

ಲತೀಫ್: ದಿನಾ ಸಾಮಾನಿಗೆ ಬರ್ತಾರೆ, ನಾನು ಹಿಂದಿಯಲ್ಲಿ ಹೇಳ್ತೀನಿ. ಸಂಜೆ ಭವನಕ್ಕೆ ಕರ್ಕೊಂಡೂ ಬರ್ತೀನಿ. ಯಾರೂ ಅಲ್ಲಿ ಜಾಗ ಇಲ್ಲ ಅನ್ನಬಾರದು ಅಷ್ಟೇ.

ಬೋಪಣ್ಣ: ಯಾರು ಅಂತಾರೋ ನಾನೂ ನೋಡ್ತೀನಿ. ತಿರುವಿನಲ್ಲಿ ತಂತಿ ಕಡೆ ವಾಲಿರೋ ಸಿಲ್ವರ್ ಓಕ್ ಮರದ ಬಗ್ಗೆ ಕರೆಂಟಿನವರ ಸಹಾಯವಾಣಿ 1912ಕ್ಕೆ ಹೇಳಿ ದೂರಿನ ಸಂಖ್ಯೆ ತಗೊಂಡಿದ್ದೀನಿ. ನೆಲ ಮೆತ್ತಗಾದರೆ ಸಾಧಾರಣ ಗಾಳಿಗೂ ಬುಡಸಮೇತ ಬರುತ್ತೆ. ಲೈನ್‌ಮನ್ ಬರೋವರೆಗೆ ಅದರಡಿ ವಾಹನ ನಿಲ್ಲಿಸಬೇಡಿ. ಜನರೇಟರ್ ಇರೋರು ಮಳೆ ಅಂತ ಅದನ್ನ ಜಗುಲಿಗೋ ಕೋಣೆಗೋ ತರಬೇಡಿ, ಅದರ ಹೊಗೆ ಉಸಿರು ನಿಲ್ಲಿಸುತ್ತೆ.

ಜಾನಕಿ: ತೋಡಿನ ನೀರು ಇದ್ದಕ್ಕಿದ್ದಂಗೆ ಕೆಂಪಾದರೆ, ಇಲ್ಲಾ ಮಳೆ ಹೊಯ್ಯುತ್ತಿರುವಾಗಲೇ ಹರಿವು ಕಮ್ಮಿಯಾದರೆ ಮೇಲೆಲ್ಲೋ ಕುಸಿದು ಕಟ್ಟಿಕೊಂಡಿದೆ ಅಂತ ಲೆಕ್ಕ. ನೋಡೋಕೆ ನಿಲ್ಲದೆ ಭವನಕ್ಕೆ ಓಡಿ. ತುರ್ತು ಸಹಾಯದ 112, ಜಿಲ್ಲಾ ವಿಪತ್ತು ಸಹಾಯವಾಣಿ 1077, ಎರಡೂ ನಂಬರ್ ಫೋನಿನಲ್ಲಿ ಹಾಕಿಕೊಂಡಿರಿ.

ಕುಶಾಲಪ್ಪ: ಸೈಟಿನವನು ಈಗ ಫೋನ್ ಎತ್ತಿದ. ‘ಮಳೆ ಮುಗಿದ ಮೇಲೆ ನೋಡೋಣ’ ಅಂತಾನೆ.

ಬೋಪಣ್ಣ: ಅವನಿಗೆ ಜೆಸಿಬಿ ಬಿಲ್ಲು ಕಳಿಸೋಣ. ಬಿರುಕಿನ ಫೋಟೋ ಇಟ್ಟು ನಗರಸಭೆಗೂ ತಹಸೀಲ್ದಾರರಿಗೂ ಅರ್ಜಿ ರಮ್ಯಾ ಬರೀತಾಳೆ, ಎಲ್ಲರೂ ಸಹಿ ಹಾಕಿ.

ಲತೀಫ್: ಜೆಸಿಬಿಯವನು ಆರೂವರೆಗೇ ಬರ್ತಾನಂತೆ. ಖಾಲಿ ಸಿಮೆಂಟ್ ಚೀಲ ಇರೋರು ಇವತ್ತೇ ಅಂಗಡಿ ಮುಂದೆ ತಂದು ಹಾಕಿ.