ಸಹಾಯ ಬೇಕು: ಹಳೆಯ ರ‍್ಯಾಲಿ ಸೈಕಲ್ಲಿಗೆ 26 ಥ್ರೆಡ್ಡಿನ ಬಿ.ಬಿ. ಕಪ್

ಮಾನ್ಯ ಸದಸ್ಯರಿಗೆ ನಮಸ್ಕಾರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ, ರಾಡ್ ಬ್ರೇಕಿನ ಹಳೆಯ ರ‍್ಯಾಲಿ ಸೈಕಲ್ಲೊಂದನ್ನು ಮೂಲರೂಪಕ್ಕೆ ತರುವ ಕೆಲಸದಲ್ಲಿದ್ದೇನೆ. ಚಕ್ರಗಳ ಚಿಂತೆಯಿಲ್ಲ, 28 ಇಂಚಿನ ಟೈರು ನಮ್ಮ ಪೇಟೆಗಳಲ್ಲಿ ಇಂದಿಗೂ ಸಿಗುತ್ತದೆ. ತೊಡಕಿರುವುದು ಬಿ.ಬಿ.ಯಲ್ಲಿ (ಬಾಟಮ್ ಬ್ರ್ಯಾಕೆಟ್, ಅಂದರೆ ಪೆಡಲುಗಳ ಅಚ್ಚು ತಿರುಗುವ, ಫ್ರೇಮಿನ ಕೆಳಭಾಗದ ಜೋಡಣೆ). ಫ್ರೇಮಿಗೆ ತಿರುಗಿಸಿ ಕೂರಿಸುವ ಎಡಗಡೆಯ ಕಪ್ಪಿನಲ್ಲಿ (ಬಟ್ಟಲಿನಾಕಾರದ ಬಿಡಿಭಾಗ) ಬೇರಿಂಗಿನ ಗುಂಡುಗಳು ಓಡುವ ಜಾಗ ಕುಳಿಬಿದ್ದಿದೆ. ಅಂಗಡಿಯ ಹೊಸ ಕಪ್ಪಿನ ವ್ಯಾಸ ಸರಿಹೊಂದಿದರೂ ಅದರಲ್ಲಿ ಇಂಚಿಗೆ 24 ಥ್ರೆಡ್‌ಗಳಿದ್ದು, ರ‍್ಯಾಲಿ ಕಂಪನಿ ತನ್ನದೇ ಆದ 26 ಥ್ರೆಡ್ಡಿನ ಅಳತೆಯನ್ನು ಬಳಸುತ್ತಿದ್ದುದರಿಂದ, ಅದು ಒಂದೆರಡು ಸುತ್ತು ತಿರುಗಿ ಬಿಗಿದು ನಿಲ್ಲುತ್ತದೆ. ಫ್ರೇಮಿಗೇ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿಸಿ 24 ಥ್ರೆಡ್ ಮಾಡಿಸಿಕೊಳ್ಳಿ ಎಂದು ಮೆಕ್ಯಾನಿಕ್ ಸಲಹೆ ನೀಡುತ್ತಾರೆ. ಆದರೆ ಹಳೆಯ ಥ್ರೆಡ್ಡಿನ ಮೇಲೆ ಬೇರೆ ಅಳತೆಯದನ್ನು ಕೊರೆದರೆ ಹಿಡಿತ ಸಡಿಲವಾಗುವುದರಿಂದ ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಥ್ರೆಡ್ ಬೇಡದ ಹೊಸ ಮಾದರಿಯ ಬಿ.ಬಿ. ಕೂರಿಸಬಹುದಾದರೂ, ಆಗ ಅಚ್ಚಿಗೆ ಕಾಟರ್ ಪಿನ್ ಎಂಬ ಬೆಣೆಯಿಂದ ಬಿಗಿಯುವ ಹಳೆಯ ಕ್ರ್ಯಾಂಕನ್ನೇ (ಪೆಡಲಿನ ತೋಳನ್ನೇ) ಕೈಬಿಡಬೇಕಾಗುತ್ತದೆ. (ಅಷ್ಟು ಬಿಟ್ಟಮೇಲೆ ಅದು ರ‍್ಯಾಲಿ ಎನ್ನಿಸಿಕೊಳ್ಳುವುದಾದರೂ ಹೇಗೆ?)

26 ಥ್ರೆಡ್ಡಿನ ಎಡಗಡೆಯ ಕಪ್ ಯಾರ ಬಳಿಯಾದರೂ ಇದ್ದರೆ, ಅಥವಾ ಹಳೆಯ ಸಾಮಾನುಗಳ ಅಂಗಡಿಯಲ್ಲಿ ಕಂಡಿದ್ದರೆ, ದಯವಿಟ್ಟು ತಿಳಿಸಿ. ಸೂಕ್ತ ಬೆಲೆ ಕೊಡುತ್ತೇನೆ. ಬಲಗಡೆಯ ಕಪ್ ಎಡಮುಖ ಥ್ರೆಡ್ಡಿನದಾದ್ದರಿಂದ (ಎಡಕ್ಕೆ ತಿರುಗಿಸಿ ಬಿಗಿಯುವಂಥದು) ಇಲ್ಲಿ ಉಪಯೋಗಕ್ಕೆ ಬಾರದು. ಲೇತ್‌ನಲ್ಲಿ ಇಂಥ ಕಪ್ ಮಾಡಿಸಿದವರಿದ್ದರೆ, ಯಾವ ಉಕ್ಕನ್ನು ಬಳಸಿದಿರಿ, ಗುಂಡುಗಳ ಉಜ್ಜಾಟಕ್ಕೆ ಸವೆಯದಂತೆ ಅದನ್ನು ಹೇಗೆ ಗಟ್ಟಿಮಾಡಿಸಿದಿರಿ ಎಂಬುದನ್ನೂ ತಿಳಿಸಬೇಕಾಗಿ ವಿನಂತಿ.